ಬಾಗಿಲಾಚೆ ಕೂತಿದ್ದ ಮಾವ

ಹೋದ ತಿಂಗಳು ಮಗಳಿಗೆ ಜ್ವರ ಬಂದು ತಿಪಟೂರಿನ ಆಸ್ಪತ್ರೆಯಲ್ಲಿ ಮಲಗಿಸಿದ್ದೆವು. ರಕ್ತದ ರಿಪೋರ್ಟು ಇನ್ನೂ ಬಂದಿರಲಿಲ್ಲ. ಪಕ್ಕದ ಮಂಚದವರಿಗೆ ಮನೆಯಿಂದ ಊಟ ಬಂತು. ಅವರು ಕ್ಯಾರಿಯರ್‌ನ ಮುಚ್ಚಳ ತೆಗೆದದ್ದೇ ತಡ, ಸಬ್ಬಸಿಗೆ ಸೊಪ್ಪಿನ ವಾಸನೆ ಹರಡಿತು. ಉಳಿದವರಿಗೆ ಅದು ಸಾರಿನ ವಾಸನೆ. ನನಗೆ ಇವತ್ತಿಗೂ ಅದು ಹೆದರಿಕೆಯ ವಾಸನೆ. ಅದರ ಹಿಂದೆಯೇ ಮಾವನ ನೆನಪು ಬಂತು... ನನ್ನ ಗಂಡನ ತಂದೆ.

ಇದೇ ಮಗಳು ಹುಟ್ಟಿದಾಗಿನ ಮಾತು. ನನ್ನ ತಾಯಿ ಮದುವೆಗೆ ಮೊದಲೇ ತೀರಿಕೊಂಡಿದ್ದಳು. ಅತ್ತೆಯೂ ಹೋಗಿ ಕೆಲವು ವರ್ಷಗಳಾಗಿದ್ದವು. ಗಂಡ ಕೊಬ್ಬರಿ ಲಾರಿಯ ಡ್ರೈವರು. ಲೋಡು ಕಟ್ಟಿಕೊಂಡು ಉತ್ತರದ ಕಡೆ ಹೊರಟರೆ ವಾರಗಟ್ಟಲೆ ಬರುತ್ತಿರಲಿಲ್ಲ. ಹಾಲ್ಕುರಿಕೆ ಹತ್ತಿರದ ನಮ್ಮ ಮನೆಯಲ್ಲಿದ್ದವರು ಮಾವ ಮತ್ತು ನಾನು ಇಬ್ಬರೇ. ಬಾಣಂತನ ಮಾಡಲೆಂದು ಮಾವನ ಅಕ್ಕ ಹಂದನಕೆರೆಯಿಂದ ಬಂದಿದ್ದರು. ಅವರನ್ನು ನಾನು ದೊಡ್ಡತ್ತೆ ಎನ್ನುತ್ತಿದ್ದೆ.

ಮಾವ ಮಾತು ಕಡಿಮೆಯವರು. ಸೊಸೆಯ ಹತ್ತಿರ ಏನಾದರೂ ಹೇಳಬೇಕಾದರೆ ಕಂಬಕ್ಕೆ ಹೇಳಿದ ಹಾಗೆ ಹೇಳುತ್ತಿದ್ದರು. ಅಕ್ಕನ ಎದುರಂತೂ ತಲೆಯನ್ನೇ ಎತ್ತುತ್ತಿರಲಿಲ್ಲ.

ಮಗು ಸರಿಯಾಗಿ ಹಾಲು ಕುಡಿಯಲಿಲ್ಲ. ನಾಲ್ಕು ಸಲ ಚೀಪುವುದು, ನಿದ್ದೆ ಹೋಗುವುದು. ನನ್ನ ಎದೆಯ ತೊಟ್ಟು ಒಡೆದು, ಮಗು ಬಾಯಿ ಹಾಕಿದರೆ ಜೀವ ಹೋದಂತಾಗುತ್ತಿತ್ತು. ಆಸ್ಪತ್ರೆಗೆ ತೋರಿಸಲು ಹೋದಾಗ ತೂಕ ಹುಟ್ಟಿದಾಗಿನದಕ್ಕಿಂತ ತುಂಬಾ ಕಡಿಮೆಯಾಗಿತ್ತು. ಹಾಲು ಇದೆ, ಮಗು ಬಾಯಿ ಹಿಡಿಯುವುದು ಸರಿಯಿಲ್ಲ ಎಂದು ಡಾಕ್ಟರಮ್ಮ ಹೇಳಿದರು. ನರ್ಸು ಎತ್ತಿಕೊಳ್ಳುವ ರೀತಿ ತೋರಿಸಿಕೊಟ್ಟಳು. ಆಗಾಗ ಎಬ್ಬಿಸಿ ಕುಡಿಸಿ, ಮೂರು ದಿನ ಬಿಟ್ಟು ಬನ್ನಿ, ಮಗು ಮಂಕಾದರೆ ಮಾತ್ರ ಕಾಯಬೇಡಿ, ತಕ್ಷಣ ಕರಕೊಂಡು ಬನ್ನಿ ಎಂದರು.

ಆ ಕೊನೆಯ ಮಾತೊಂದೇ ನನ್ನ ತಲೆಯಲ್ಲಿ ಉಳಿಯಿತು. ಮಂಕು ಎಂದರೆ ಎಷ್ಟು ಮಂಕು? ಮಗು ಮಲಗಿದಾಗಲೆಲ್ಲ ಅದರ ಮೂಗಿನ ಹತ್ತಿರ ಬೆರಳು ಹಿಡಿದು ಉಸಿರು ನೋಡುತ್ತಿದ್ದೆ. ತೊಡೆಯ ಚರ್ಮ ಸಡಿಲವಾಗಿ ಮಡಿಕೆ ಬಿದ್ದಿತ್ತು. ಬಟ್ಟೆ ಬದಲಿಸುವಾಗ ಅದನ್ನು ನೋಡಲಾರದೆ ಮುಖ ತಿರುಗಿಸುತ್ತಿದ್ದೆ. ನೋಡಲು ಬಂದ ಹೆಂಗಸರು, "ಮಗ ಇಷ್ಟೇನಾ?" ಎಂದು ಕೇಳಿ ಹೋಗುತ್ತಿದ್ದರು.

ದೊಡ್ಡತ್ತೆ ಚಿಕ್ಕನಾಯಕನಹಳ್ಳಿಯಿಂದ ಹಾಲಿನ ಪುಡಿಯ ಡಬ್ಬಿ, ಬಾಟಲಿ ಎರಡನ್ನೂ ತರಿಸಿದರು.

"ನಿನ್ನೆದೇಲಿ ಹಾಲಿಲ್ಲ ಕಣೇ. ಮಗ ಹಸ್ಕಂಡು ಹೋಯ್ತದೆ. ಬಾಟ್ಲಿ ಕೊಡಾನ" ಎಂದರು.

ನಾನು ಒಪ್ಪಿಬಿಟ್ಟಿದ್ದೆ. ಹಾಲಿಲ್ಲದವಳು ಎನ್ನಿಸಿಕೊಳ್ಳುವುದಕ್ಕಿಂತ ಮಗು ಸಾಯುವುದು ದೊಡ್ಡದಲ್ಲವೇ? ಆಗ ಬಾಗಿಲ ಪರದೆಯ ಆಚೆಯಿಂದ ಮಾವನ ದನಿ ಕೇಳಿತು.

"ಅಕ್ಕಯ್ಯ, ಡಾಕ್ಟ್ರಮ್ಮ ಹೇಳಿದ್ದು ನಡೀಲಿ. ಅಲ್ಲೀಗಂಟ ಬಾಟ್ಲಿ ಬ್ಯಾಡ."

"ಗಂಡಸು ನೀನು, ನಿಂಗೇನ್ಲಾ ಗೊತ್ತು ಇದರ ವಿಚಾರ?"

"ನಂಗೇನೂ ಗೊತ್ತಿಲ್ಲ."

"ಮಗೀಗೆ ಏನಾರ ಆದ್ರೆ ನಿನ್ನ ತಲೆ ಮ್ಯಾಲೆ."

"ಆಗ್ಲಿ" ಎಂದರು ಮಾವ.

ದೊಡ್ಡತ್ತೆ ಸಿಟ್ಟಿನಿಂದ ಸಿಕ್ಕಿದ ಬಸ್ಸಿಗೆ ಊರಿಗೆ ಹೋದರು. ಮನೆಯಲ್ಲಿದ್ದ ಒಂದೇ ಹೆಣ್ಣು ದಿಕ್ಕೂ ಇಲ್ಲದಾಯಿತು. ಮಾವನ ಮೇಲೆ ನನಗೆ ಸಿಟ್ಟೇ ಬಂತು. ಈ ಮುದುಕ ನನ್ನ ಮಗುವನ್ನು ಕೊಲ್ಲುತ್ತಾನೆ ಎಂದುಕೊಂಡೆ.

ಅವತ್ತಿನಿಂದ ಮನೆಯ ಕೆಲಸವೆಲ್ಲ ಮಾವನ ಕೈಗೆ ಬಂತು. ಅವರಿಗೆ ಮುದ್ದೆ ತೊಳಸುವುದು, ಒಂದು ತೆಳ್ಳನೆ ಸಾರು ಮಾಡುವುದು ಬಿಟ್ಟರೆ ಬೇರೆ ಅಡುಗೆ ಗೊತ್ತಿರಲಿಲ್ಲ. ಸಬ್ಬಸಿಗೆ ತಿಂದರೆ ಹಾಲು ಹೆಚ್ಚುತ್ತದೆಂದು ಯಾರೋ ಹೇಳಿದ್ದರಂತೆ. ಸಾರಿಗೂ ಸಬ್ಬಸಿಗೆ, ರೊಟ್ಟಿಗೂ ಸಬ್ಬಸಿಗೆ, ಕೊನೆಗೆ ಉಪ್ಪಿಟ್ಟಿಗೂ ಅದನ್ನೇ ಹಾಕಿದರು. ತಟ್ಟೆಯನ್ನು ಹೊಸ್ತಿಲ ಒಳಗೆ ತಳ್ಳಿ, "ಬಿಸಿಯಾಗಿ ಉಣ್ಣವ್ವಾ" ಎಂದು ಹೊರಟುಬಿಡುತ್ತಿದ್ದರು. ಮಗುವಿನ ಬಟ್ಟೆ ಒಗೆದು ಬೀದಿಗೆ ಕಾಣುವ ಹಾಗೆ ಹಗ್ಗದ ಮೇಲೆ ಹರವುತ್ತಿದ್ದರು. ಆ ಕಡೆ ಈ ಕಡೆಯವರು ನಕ್ಕರೂ ಕೇಳಿಸದವರ ಹಾಗೆ ಇರುತ್ತಿದ್ದರು.

ಉಳಿದ ಹೊತ್ತು ನನ್ನ ಕೋಣೆಯ ಬಾಗಿಲಾಚೆ, ಪರದೆಗೆ ಬೆನ್ನು ಹಾಕಿ, ಗೋಣಿಚೀಲದ ಮೇಲೆ ಕೂತು, ಅಟ್ಟದಿಂದ ಇಳಿಸಿದ ಕಾಯಿಗಳನ್ನು ಒಡೆದು ಕೊಬ್ಬರಿ ಬಿಡಿಸುತ್ತಿದ್ದರು. ಯಾರಾದರೂ ಬಂದರೆ, "ಮಲಗವ್ರೆ, ಆಮ್ಯಾಕೆ ಬನ್ನಿ" ಎಂದು ಅಲ್ಲಿಂದಲೇ ಕಳಿಸುತ್ತಿದ್ದರು. ನಾನು ಮಗುವನ್ನು ಎದೆಗೆ ಹಾಕಿಕೊಂಡು ಸ್ವಲ್ಪ ಹೊತ್ತಾದ ಮೇಲೆ ಕೇಳುತ್ತಿದ್ದರು:

"ಕುಡೀತಾ?"

"ಕುಡೀತು ಮಾವ."

ಮಗು ಅತ್ತರೆ ಚಿಪ್ಪು ಬಿಡಿಸುವ ಸದ್ದು ನಿಲ್ಲುತ್ತಿತ್ತು. ತುಂಬ ಹೊತ್ತು ಅಳದಿದ್ದರೂ ನಿಲ್ಲುತ್ತಿತ್ತು. ಆ ಸದ್ದು ನಿಂತಾಗಲೆಲ್ಲ ನಾನು ಮತ್ತೆ ಮಗುವಿನ ಮೂಗಿನ ಹತ್ತಿರ ಬೆರಳು ಹಿಡಿಯುತ್ತಿದ್ದೆ...

ಡಾಕ್ಟರಮ್ಮ ಹೇಳಿದ್ದ ಮೂರನೆಯ ದಿನ ಮಧ್ಯಾಹ್ನ ಮಗು ಏಳಲಿಲ್ಲ. ಅಂಗಾಲು ತಿಕ್ಕಿದೆ, ಬಟ್ಟೆ ಬಿಚ್ಚಿದೆ, ಒದ್ದೆ ಕೈಯಿಂದ ಮುಖ ಒರೆಸಿದೆ. ತೋಳೆತ್ತಿ ಬಿಟ್ಟರೆ ಹಾಗೇ ಬಿದ್ದುಕೊಳ್ಳುತ್ತಿತ್ತು. "ಮಾವ" ಎಂದು ಕೂಗಿದೆನೋ ಇಲ್ಲವೋ ಗೊತ್ತಿಲ್ಲ. ಎಂದೂ ನನ್ನ ಕೋಣೆಯೊಳಗೆ ಕಾಲಿಡದಿದ್ದವರು ಒಳಗೆ ಬಂದರು. ಮಗುವನ್ನು ನೋಡಿದರು. ಅವರ ಮುಖದಲ್ಲಿ ರಕ್ತವೇ ಇರಲಿಲ್ಲ. ಬರಿಗಾಲಲ್ಲೇ ಓಡಿ ಆಟೋ ತಂದರು. ದಾರಿಯುದ್ದಕ್ಕೂ ಆಟೋದ ಕಂಬಿ ಹಿಡಿದು ಮಗುವಿನ ಮುಖವನ್ನೇ ನೋಡುತ್ತಾ ಕೂತಿದ್ದರು.

ಆಸ್ಪತ್ರೆಯಲ್ಲಿ ಹಿಮ್ಮಡಿಗೆ ಸೂಜಿ ಚುಚ್ಚಿ ರಕ್ತ ತೆಗೆದಾಗ ಮಗು ಸಣ್ಣಗೆ ಅತ್ತಿತು. ಅಷ್ಟು ಒಳ್ಳೆಯ ಅಳುವನ್ನು ನಾನು ಮತ್ತೆಂದೂ ಕೇಳಿಲ್ಲ. ಸಕ್ಕರೆ ಅಂಶ ಇಳಿದಿದೆ, ಇಲ್ಲೇ ಇರಲಿ ಎಂದು ದಾಖಲು ಮಾಡಿಕೊಂಡು ಡ್ರಿಪ್ಪು ಹಾಕಿದರು. ನನ್ನ ಹಾಲನ್ನೇ ಹಿಂಡಿಸಿ ಒಳಲೆಯಲ್ಲಿ ತೊಟ್ಟುತೊಟ್ಟಾಗಿ ಬಾಯಿಗೆ ಬಿಟ್ಟರು. ಬಟ್ಟಲಲ್ಲಿ ಹಾಲು ನಿಂತಿದ್ದನ್ನು ಕಣ್ಣಾರೆ ಕಂಡ ಮೇಲೂ ನನ್ನ ಭಯ ಹೋಗಲಿಲ್ಲ.

ಹೊರಗೆ ಗೋಡೆಗೊರಗಿ ಮಾವ ಕುಕ್ಕರುಗಾಲಲ್ಲಿ ಕೂತಿದ್ದರು. ನಾನು ಹೋಗಿ, "ದೊಡ್ಡತ್ತೆ ಹೇಳಿದ್ದೇ ನಿಜವೇನೋ ಮಾವ. ನಂಗೆ ಹೆದ್ರಿಕೆ ಆಯ್ತದೆ" ಎಂದೆ. ಹೆದರಬೇಡ ಎನ್ನುತ್ತಾರೆ ಎಂದುಕೊಂಡಿದ್ದೆ.

"ನಂಗೂ ಹೆದ್ರಿಕೆ ಕಣವ್ವಾ" ಎಂದರು. "ನಮ್ಮ ಮೊದಲ್ನೇ ಮಗ ಉಳೀಲಿಲ್ಲ. ನಿಮ್ಮತ್ತೆ ಬಾಣಂತಿ ಆಗಿದ್ದಾಗ್ಲೇ ನೀರು ಹೊರೋಳು, ರಾಗಿ ಬೀಸೋಳು. ಹಾಲು ನಿಂತೋಯ್ತು. ಬಾಟ್ಲಿ ಹಾಕಿದ್ರು, ಬೇದಿ ಹತ್ಕಂತು... ಅವಳ್ಗೆ ಯಾರೂ ಒಂದಿನ ಕುಂತ್ಕ ಅನ್ನಲಿಲ್ಲ. ನಾನೂ ಅನ್ನಲಿಲ್ಲ."

ನನ್ನ ಗಂಡನಿಗೆ ಒಬ್ಬ ಅಣ್ಣ ಇದ್ದನೆಂದು ನನಗೆ ಗೊತ್ತಾದದ್ದೇ ಆಗ. ನಾನು ಅವರ ಪಕ್ಕದಲ್ಲೇ ನೆಲಕ್ಕೆ ಕೂತೆ. ಇಬ್ಬರೂ ಹೆದರಿಕೊಂಡೇ ಕೂತಿದ್ದೆವು. ಆದರೆ ಅಷ್ಟು ದಿನ ಒಬ್ಬಳೇ ಹೊತ್ತಿದ್ದ ಭಾರ ಆವಾಗ ಅರ್ಧವಾಯಿತು. ಒಳಗೆ ಹೋಗಿ ಮಗುವನ್ನು ಮತ್ತೆ ಎದೆಗೆ ಹಾಕಿಕೊಂಡೆ. ನರ್ಸು ಮಗುವಿನ ಗಲ್ಲ ಹಿಡಿದು ಬಾಯಿ ಸರಿಮಾಡಿದಳು. ಮೊದಲ ಸಲ ಗುಟುಕಿನ ಸದ್ದು ಕೇಳಿತು.

ಮನೆಗೆ ಕಳಿಸುವ ಹೊತ್ತಿಗೆ ತೂಕ ಒಂದಿಷ್ಟು ಏರಿತ್ತು. ಮಾವ ನರ್ಸಿನಿಂದ ಅದನ್ನು ಎರಡನೇ ಸಲ ಹೇಳಿಸಿದರು. ದೊಡ್ಡತ್ತೆ ನಾಮಕರಣಕ್ಕೆ ಬಂದರು. ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಅದರ ತುಂಬಿದ ಕೆನ್ನೆಯನ್ನು ಸವರುತ್ತಾ ಕೂತಿದ್ದರು. ಅವರದೂ ಹೆದರಿಕೆಯೇ ಇರಬೇಕು. ಆ ಮನೆಯಲ್ಲಿ ಒಂದು ಮಗು ಹೋದದ್ದನ್ನು ಅವರೂ ನೋಡಿದವರಲ್ಲವೇ.

ಮಗು ಕೂರಲು ಕಲಿತ ಮೇಲೆ ನಾನು ಗಾರ್ಮೆಂಟ್ಸ್ ಕೆಲಸಕ್ಕೆ ಹೋಗಲೇಬೇಕಾಯಿತು. ಇನ್ನು ಹಾಲು ಬತ್ತುತ್ತದೆ ಎಂಬ ಭಯ ಮತ್ತೆ ಹಿಡಿಯಿತು. ಮಧ್ಯಾಹ್ನ ಊಟದ ಬಿಡುವಿಗೆ ಹೊರಗೆ ಬಂದರೆ, ಮಾವ ಮಗುವನ್ನು ಎತ್ತಿಕೊಂಡು ಗೇಟಿನ ಹತ್ತಿರ ನಿಂತಿದ್ದರು, ಬಸ್ಸು ಹಿಡಿದು ಬಂದು. ಹೊಂಗೆ ಮರದ ಹಿಂದೆ ನಾನು ಕುಡಿಸುವಷ್ಟು ಹೊತ್ತೂ ರಸ್ತೆಯ ಕಡೆ ಮುಖ ಮಾಡಿ ನಿಂತಿರುತ್ತಿದ್ದರು. ದಿನಾ ಹಾಗೆಯೇ. ಜೊತೆಯ ಹುಡುಗಿಯರಲ್ಲಿ ಎಷ್ಟೋ ಜನ ಕೆಲಸಕ್ಕೆ ಬಂದ ತಿಂಗಳಲ್ಲೇ ಮಗುವಿಗೆ ಎದೆಹಾಲು ಬಿಡಿಸಿದ್ದರು. "ನಮ್ಮನೇಲಿ ಮಗ ಎತ್ಕಂಡು ಬರೋರು ಯಾರವ್ರೆ ಬುಡಕ್ಕ" ಎಂದಿದ್ದಳು ಒಬ್ಬಳು. ನನ್ನ ಮಗಳು ಓಡಾಡುತ್ತಾ, ಮಾತಾಡುತ್ತಾ, ಎರಡು ವರ್ಷ ದಾಟುವವರೆಗೂ ಕುಡಿದಳು. ಅದು ನನ್ನ ಶಕ್ತಿ ಎಂದು ನಾನು ಯಾವತ್ತೂ ಅಂದುಕೊಂಡಿಲ್ಲ.

ಹೋದ ವರ್ಷ ಕಾರ್ತೀಕದಲ್ಲಿ ಮಾವ ತೋಟದಲ್ಲಿ ಗರಿ ಎಳೆದು ಹಾಕುತ್ತಿದ್ದವರು ಎದೆ ಹಿಡಿದುಕೊಂಡು ಮರದ ಬುಡದಲ್ಲಿ ಕೂತರಂತೆ. ದೂರದಿಂದ ನೋಡಿದವರು ದಣಿವಾರಿಸಿಕೊಳ್ಳುತ್ತಿದ್ದಾರೆ ಎಂದುಕೊಂಡರು. ಹತ್ತಿರ ಹೋಗಿ ನೋಡುವ ಹೊತ್ತಿಗೆ ಜೀವ ಹೋಗಿತ್ತು. ನಾನು ಕೆಲಸದಲ್ಲಿದ್ದೆ. ಮಗಳು ಸ್ಕೂಲಿನಲ್ಲಿದ್ದಳು.

ಹೋದ ತಿಂಗಳು ಆಸ್ಪತ್ರೆಯಲ್ಲಿ ಮಗಳ ರಿಪೋರ್ಟು ಕೊನೆಗೂ ಬಂತು. ಗಾಬರಿಪಡುವಂಥದ್ದೇನೂ ಇಲ್ಲ ಎಂದರು. ಜ್ವರ ಇಳಿದ ಮೇಲೆ ಮಗಳನ್ನು ಮನೆಗೆ ಕರಕೊಂಡು ಬಂದೆವು, ಈಗ ಸ್ಕೂಲಿಗೂ ಹೋಗುತ್ತಿದ್ದಾಳೆ. ನನಗೆ ಮಾತ್ರ ಕೆಲಸದ ನಡುವೆ ಒಮ್ಮೊಮ್ಮೆ ಆ ಮರದ ಬುಡ ಕಣ್ಣಿಗೆ ಕಟ್ಟುತ್ತದೆ. ಎಷ್ಟು ಹೊತ್ತು ಕೂತಿದ್ದರೋ... ಆಗ ಅವರಿಗೆ ಎಷ್ಟು ಹೆದರಿಕೆಯಾಗಿತ್ತೋ. ಯಾರಿಗಾದರೂ ಹೇಳೋಣವೆಂದರೆ ಪಕ್ಕದಲ್ಲಿ ಯಾರೂ ಇರಲಿಲ್ಲ.