ಬೆಣ್ಣೆಯಣ್ಣ ಕಾರು ನಿಲ್ಲಿಸಿದ ಜಾಗ

ಬೆಣ್ಣೆಯಣ್ಣನಿಗೆ ಆ ಹೆಸರು ಬಂದದ್ದು ಬ್ರೇಕಿನಿಂದ. ಅವನು ಕಾರು ನಿಲ್ಲಿಸಿದರೆ ಒಳಗೆ ಕೂತವರಿಗೆ ಅದು ನಿಂತಿದೆಯೆಂದು ಗೊತ್ತೇ ಆಗುತ್ತಿರಲಿಲ್ಲ. ಹೊರಗಿನ ಮರಗಳು ಓಡುವುದನ್ನು ಬಿಟ್ಟವಲ್ಲ ಎಂದು ಅನುಮಾನ ಬಂದ ಮೇಲೆ ಇಳಿಯುತ್ತಿದ್ದರು. ಒಮ್ಮೆ ಯಜಮಾನರು, ಕಾರು ಇನ್ನೂ ಹೋಗುತ್ತಲೇ ಇದೆ ಅಂದುಕೊಂಡು, ತಮ್ಮದೇ ಕಚೇರಿಯ ಮುಂದೆ ಮಧ್ಯಾಹ್ನದವರೆಗೆ ಪೇಪರ್ ಓದುತ್ತ ಕೂತಿದ್ದರಂತೆ. ಮೂವತ್ತೊಂದು ವರ್ಷ ಸ್ಟೀರಿಂಗ್ ಹಿಡಿದು ಹಿಡಿದು ಬೆಣ್ಣೆಯಣ್ಣನ ಎರಡು ಕೈಗಳೂ ದುಂಡಗಾಗಿಬಿಟ್ಟಿದ್ದವು. ಅವನು ನಮಸ್ಕಾರ ಮಾಡಿದರೆ ಎದುರಿನವರು ಬಲಕ್ಕೋ ಎಡಕ್ಕೋ ಎಂದು ನೋಡುತ್ತಿದ್ದರು.

ಯಜಮಾನರು ಬಾಟಲಿ ಮುಚ್ಚಳ ಮಾಡುವವರು. ದೇಶದಲ್ಲಿ ಯಾರು ಯಾವ ಬಾಟಲಿಗೆ ಕೈ ಹಾಕಿದರೂ ತಿರುಗುವುದು ಅವರ ಮುಚ್ಚಳವೇ. ಅವರ ಕಾರಿನ ಉದ್ದ ಹೇಳಿದರೆ ನೀವು ನಂಬುವುದಿಲ್ಲ. ಬೀದಿ ತಿರುಗುವಾಗ ಮುಂದಿನ ಚಕ್ರ ಹೊಸ ಬೀದಿಯ ಬಿಸಿಲಿನಲ್ಲಿದ್ದರೆ ಹಿಂದಿನ ಚಕ್ರ ಹಳೇ ಬೀದಿಯ ಮಳೆಯಲ್ಲಿ ನೆನೆಯುತ್ತಿತ್ತು. ಅಷ್ಟು ಉದ್ದದ ಕಾರಿನ ಹಿಂದಿನ ಸೀಟಿನಲ್ಲಿ ಒಂದು ನಾಲ್ಕು ವರ್ಷದ ಮಗು. ಡ್ರೈವರುಗಳೆಲ್ಲ ಅದನ್ನು ಪ್ರೀತಿಯಿಂದ ಚಿಕ್ಕ ಮುಚ್ಚಳ ಎನ್ನುತ್ತಿದ್ದರು. ಮಾತು ಕಡಿಮೆ. ಯಾರು ಏನು ಕೇಳಿದರೂ ಪಿಳಿಪಿಳಿ ಕಣ್ಣು ಬಿಟ್ಟು ಸೀಟಿನ ಮೇಲೆ ಒಂದು ಸಲ ಕುಪ್ಪಳಿಸುವುದು, ಅಷ್ಟೇ.

ಈ ಮಗುವಿಗೆ ಶಾಲೆ ಹುಡುಕುವ ಕೆಲಸ ಅದು ಹುಟ್ಟುವ ಮೊದಲೇ ಶುರುವಾಗಿತ್ತು. ಹೊಟ್ಟೆಯೊಳಗಿನ ಪಟ ತೆಗೆಸಿದ ದಿನವೇ ಅಮ್ಮಾವ್ರು ಅದನ್ನು ಏಳು ಶಾಲೆಗಳ ಅರ್ಜಿಗೆ ಅಂಟಿಸಿ ಕಳಿಸಿದ್ದರು. ಮಗು ಕ್ಯಾಮೆರಾ ಕಡೆ ನೋಡುತ್ತಿಲ್ಲ ಎಂದು ಒಂದು ಶಾಲೆ ಪಟವನ್ನು ವಾಪಸು ಮಾಡಿತ್ತು. ಆಮೇಲೆ ಒಬ್ಬ ಸಲಹೆಗಾರನನ್ನು ಇಟ್ಟುಕೊಂಡರು. ಯಾವಾಗಲೂ ಬಿಳಿ ಬೂಟು ಹಾಕುವ ಮನುಷ್ಯ. ಶಾಲೆ ನೋಡುವುದೇ ಅವನ ಕಸುಬು, ಆದರೆ ಎಷ್ಟು ಶಾಲೆ ತಿರುಗಿದರೂ ಬೂಟಿಗೆ ಧೂಳು ಹತ್ತುತ್ತಿರಲಿಲ್ಲ. ಅವನು ತೋರಿಸಿದ ಒಂದು ಶಾಲೆಯಲ್ಲಿ ದೋಣಿ ನಡೆಸುವುದನ್ನು ಕಲಿಸಲು ಒಂದು ಇಡೀ ನದಿಯನ್ನೇ ತಂದು ಕಾಂಪೌಂಡಿನೊಳಗೆ ಸುತ್ತು ಹಾಕಿಸಿದ್ದರು. ಇನ್ನೊಂದರಲ್ಲಿ ಕುದುರೆಗಳು ಎ.ಸಿ. ಹಾಲಿನಲ್ಲಿ ನಿಂತಿದ್ದವು, ಮಕ್ಕಳು ಪ್ರಕೃತಿಗೆ ಹತ್ತಿರವಾಗಲೆಂದು ಬಿಸಿಲಿನಲ್ಲಿ ಕೂತಿದ್ದರು. ಮೂರನೆಯದರಲ್ಲಿ ಮಗುವನ್ನು ಬಿಟ್ಟು ಅಪ್ಪನಿಗೇ ಪರೀಕ್ಷೆ. "ನೀವು ಒಂದು ಹಣ್ಣಾಗಿದ್ದರೆ ಯಾವ ಹಣ್ಣಾಗಿರ್ತಿದ್ರಿ?" ಎಂದು ಕೇಳಿದರು. ಯಜಮಾನರು ಕಾಲು ಗಂಟೆ ಯೋಚಿಸಿ, "ಮುಚ್ಚಳ" ಎಂದರು. ಉತ್ತರ ತುಂಬ ಆಳವಾಗಿದೆ ಎಂದು ಶಾಲೆಯವರು ಎದ್ದು ನಿಂತು ಚಪ್ಪಾಳೆ ತಟ್ಟಿದರು. ಸೀಟು ಸಿಕ್ಕಿತು.

ಆದರೂ ಅಮ್ಮಾವ್ರು ಬೇಡ ಎಂದರು. ಅವರಿಗೆ ಬೇಕಾಗಿದ್ದದ್ದು ಸೀಟು ಸಿಗುವ ಶಾಲೆಯಲ್ಲ. ಎದುರುಮನೆಯ ಸಿಮೆಂಟಿನವರು ಆರಿಸಿರುವ ಶಾಲೆ. ಸಿಮೆಂಟಿನವರೋ, ಮುಚ್ಚಳದವರು ಎಲ್ಲಿಗೆ ಹೋಗುತ್ತಾರೆಂದು ಕಾಯುತ್ತಿದ್ದರು. ಗಾಜಿನವರು ಸಿಮೆಂಟಿನವರನ್ನು ನೋಡುತ್ತಿದ್ದರು, ಲಿಫ್ಟಿನವರು ಗಾಜಿನವರನ್ನು. ಹೀಗೆ ಹನ್ನೆರಡು ಮನೆ, ಹನ್ನೆರಡು ಮಗು, ಒಬ್ಬರೂ ಬಾಯಿ ಬಿಡುತ್ತಿರಲಿಲ್ಲ. ಕ್ಲಬ್ಬಿನಲ್ಲಿ ಎದುರಾದರೆ, "ಅಯ್ಯೋ, ಇನ್ನೂ ಚಿಕ್ಕ ಮಗು ಕಣ್ರೀ, ಶಾಲೆ ವಿಚಾರಾನೇ ತೆಗೆದಿಲ್ಲ," ಎಂದು ಒಬ್ಬರ ಕೆನ್ನೆಗೆ ಒಬ್ಬರು ಕೆನ್ನೆ ತಾಗಿಸಿ ನಗುತ್ತಿದ್ದರು.

ಬಾಯಿ ಮುಚ್ಚಿಕೊಂಡಿದ್ದರೂ ಕಾರು ಮುಚ್ಚಿಡುವುದು ಹೇಗೆ? ಹಾಗಾಗಿ ಎಲ್ಲ ಮನೆಯವರೂ ತಮ್ಮ ತಮ್ಮ ಡ್ರೈವರಿಗೆ ಒಂದೇ ಆಜ್ಞೆ ಕೊಟ್ಟಿದ್ದರು: ಬೇರೆಯವರ ಕಾರು ಬೆಳಿಗ್ಗೆ ಯಾವ ಶಾಲೆ ಮುಂದೆ ನಿಲ್ಲುತ್ತದೆ ನೋಡಿಕೊಂಡು ಬಾ. ಒಂದು ದಿನ ನಿಂತರೆ ಅದು ಬರೀ ನೋಡಲು ಹೋದದ್ದು. ಎರಡು ದಿನ ನಿಂತರೆ ಮನಸ್ಸಾಗಿದೆ. ಮೂರು ದಿನ ನಿಂತರೆ ಖಾತ್ರಿ. ಈ ಲೆಕ್ಕವನ್ನು ಯಾರು ಕಂಡುಹಿಡಿದರೋ ಗೊತ್ತಿಲ್ಲ, ಹನ್ನೆರಡು ಮನೆಯವರೂ ಅದನ್ನು ತಾವೇ ಕಂಡುಹಿಡಿದದ್ದು ಎಂದು ನಂಬಿದ್ದರು.

ಕ್ಲಬ್ಬಿನ ಹಿಂಗೋಡೆಯ ನೆರಳಿನಲ್ಲಿ ಹನ್ನೆರಡು ಡ್ರೈವರುಗಳೂ ಒಂದೇ ಬೆಂಚಿನ ಮೇಲೆ ಕೂತು ಚಹಾ ಕುಡಿಯುತ್ತಿದ್ದರು.

"ಏನ್ ಬೆಣ್ಣೆಯಣ್ಣ, ನಿಮ್ಮ ಚಿಕ್ಕ ಮುಚ್ಚಳ ಯಾವ ಬಾಟಲಿ ಸೇರ್ತು?" ಎಂದು ಎಲ್ಲರೂ ಮೀಸೆ ಎಂದೇ ಕರೆಯುವ ಸಿಮೆಂಟಿನವರ ಡ್ರೈವರು ಕೇಳುತ್ತಿದ್ದ.

"ನಿಮ್ಮ ಸಿಮೆಂಟು ಎಲ್ಲಿ ಗಟ್ಟಿಯಾಗುತ್ತೋ ಅಲ್ಲಿಗೇ ಬರ್ತೀವಪ್ಪ. ಮೊದಲು ನೀನು ಹೇಳು."

"ಹೇಳಿದ್ರೆ ಕೆಲಸ ಹೋಗುತ್ತೆ."

"ಹೇಳದಿದ್ರೆ ನಂದು ಹೋಗುತ್ತೆ. ಚಹಾ ಕುಡಿ."

ಬೆಣ್ಣೆಯಣ್ಣನ ತಲೆಯಲ್ಲಿದ್ದದ್ದು ಬೇರೆಯೇ ಶಾಲೆ. ಅವನ ಮಗಳು ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಬೆಳಗಿನ ಪಾಳಿಗೆ ಹೋಗುವವಳು. ಅಳಿಯ ಹಡಗಿನ ಕೆಲಸಕ್ಕೆಂದು ಹೋದವನು ವರ್ಷಕ್ಕೊಂದು ಫೋನು ಮಾಡಿ, ಸಮುದ್ರ ಇನ್ನೂ ಮುಗಿದಿಲ್ಲ ಎನ್ನುತ್ತಿದ್ದ. ಮೊಮ್ಮಗಳಿಗೆ ಈ ವರ್ಷ ಶಾಲೆ. ಬಸ್ ಡಿಪೋ ಹಿಂದೆ ನಾಲ್ಕು ಕೋಣೆಯ ಒಂದು ಶಾಲೆಯಿತ್ತು. ಮನೆಯಿಂದ ನಡೆದರೆ ಆರು ನಿಮಿಷ. ಅಲ್ಲಿ ಸೀಟು ಸಿಗದಿದ್ದರೆ ಮುಂದಿನದು ಎರಡು ಬಸ್ಸಿನಾಚೆ. ಕರೆದುಕೊಂಡು ಹೋಗುವವರು ಯಾರು? ಮಗಳು ಪಾಳಿ ಬಿಡಬೇಕು, ಇಲ್ಲವೇ ಹುಡುಗಿ ಇನ್ನೊಂದು ವರ್ಷ ಅಡುಗೆಮನೆಯ ಮೂಲೆಯಲ್ಲಿ ಡಬ್ಬಿಗಳಿಗೆ ಪಾಠ ಹೇಳುತ್ತ ಕೂರಬೇಕು. ಅವಳು ಆಗಲೇ ಎಂಟು ಡಬ್ಬಿಗಳನ್ನು ಪಾಸು ಮಾಡಿ ಒಂದನ್ನು ನಪಾಸು ಮಾಡಿದ್ದಳು.

ಯಜಮಾನರನ್ನು ಕಚೇರಿಗೆ ಬಿಟ್ಟು ಅಮ್ಮಾವ್ರನ್ನು ಈಜುಕೊಳದಿಂದ ಕರೆತರುವ ನಡುವೆ ಬೆಣ್ಣೆಯಣ್ಣನಿಗೆ ನಲವತ್ತು ನಿಮಿಷ ಬಿಡುವು. ಸೋಮವಾರ ಆ ಬಿಡುವಿನಲ್ಲಿ ಡಿಪೋ ಹಿಂದೆ ಕಾರು ನಿಲ್ಲಿಸಿ ಅರ್ಜಿ ತಂದ. ಮಂಗಳವಾರ ತುಂಬಿ ಕೊಟ್ಟ. ಹೆಡ್ ಮೇಡಂ ಕೊರಳಲ್ಲಿ ಸೀಟಿ ಹಾಕಿಕೊಂಡೇ ಮಲಗಿ ಏಳುವಂಥ ಹೆಂಗಸು. ಅರ್ಜಿ ನೋಡಿ, "ಅಜ್ಜಾವ್ರೇ, ಮಗು ಹುಟ್ಟಿದ ತಾರೀಖಿನ ಜಾಗದಲ್ಲಿ ನಿಮ್ಮ ಲೈಸೆನ್ಸ್ ನಂಬರ್ ಬರೆದಿದ್ದೀರಿ," ಎಂದು ವಾಪಸು ಕೊಟ್ಟರು. ಬುಧವಾರ ತಿದ್ದಿ ಕೊಟ್ಟ.

"ಅರ್ಜಿ ಕೊಟ್ಟ ಮಾತ್ರಕ್ಕೆ ಸೀಟು ಅಂತಲ್ಲ," ಎಂದರು ಹೆಡ್ ಮೇಡಂ. "ಇರೋದು ಹನ್ನೆರಡು ಸೀಟು. ಬರೋ ಸೋಮವಾರ ಎಂಟಕ್ಕೆ ಗೇಟ್ ತೆಗೀತೀನಿ. ಸಾಲಿನಲ್ಲಿ ಮೊದಲು ನಿಂತ ಹನ್ನೆರಡು ಜನಕ್ಕೆ ಸಿಗುತ್ತೆ."

ಪ್ರತಿ ವರ್ಷ ಒಂಬತ್ತೋ ಹತ್ತೋ ಜನ ಬರುತ್ತಿದ್ದರು. ಬೆಣ್ಣೆಯಣ್ಣ ಸಮಾಧಾನದಿಂದ ಕಾರು ಹತ್ತಿದ. ಅವನು ಮರೆತದ್ದು ಒಂದೇ ವಿಷಯ. ಅಷ್ಟುದ್ದದ ಕಾರು ಮೂರು ದಿನ ಒಂದೇ ಶಾಲೆಯ ಮುಂದೆ ನಿಂತಿತ್ತು, ಎದುರಿನ ಪೆಟ್ರೋಲ್ ಬಂಕಿನಲ್ಲಿ ಮೀಸೆ ಮೂರು ದಿನವೂ ಗಾಳಿ ಹಾಕಿಸುತ್ತಿದ್ದ.

ಗುರುವಾರ ಡಿಪೋ ಹಿಂದೆ ಸಿಮೆಂಟಿನ ಕಾರು ಬಂತು. ಅದರ ಹಿಂದೆ ಗಾಜು, ಗಾಜಿನ ಹಿಂದೆ ಲಿಫ್ಟು. ಶುಕ್ರವಾರದ ಹೊತ್ತಿಗೆ ಹನ್ನೊಂದು ಕಾರು ಸೇರಿ ಬೀದಿಯೆಲ್ಲ ಕಗ್ಗತ್ತಲಾಯಿತು. ಡಿಪೋದ ಬಸ್ಸುಗಳು ಗ್ರಹಣ ಹಿಡಿಯಿತೆಂದು ದೀಪ ಹಾಕಿಕೊಂಡು ಹೊರಟವು. ಹನ್ನೊಂದು ಮನೆಯವರೂ ಸಾಲಿನಲ್ಲಿ ನಿಲ್ಲಲು ಇಬ್ಬಿಬ್ಬರು ಆಳುಗಳನ್ನು ಕಳಿಸಿದರು, ಒಬ್ಬ ಇರುವ ಮಗುವಿಗೆ, ಇನ್ನೊಬ್ಬ ಮುಂದೆ ಹುಟ್ಟಲಿರುವ ಮಗುವಿಗೆ. ಮಡಚುವ ಕುರ್ಚಿ ಬಂದವು, ಡೇರೆ ಬಂದವು.

ಸಂಜೆ ಬಿಳಿ ಬೂಟು ಅಮ್ಮಾವ್ರ ಮುಂದೆ ಕೂತು ವರದಿ ಓದಿದ. ನಾಲ್ಕೇ ಕೋಣೆ, ಅಂದರೆ ಸರಳತೆಯ ಶಿಕ್ಷಣ. ಮಾಡು ಸೋರುತ್ತದೆ, ಅಂದರೆ ಮಳೆಯ ನೇರ ಅನುಭವ. ಕಂಪ್ಯೂಟರ್ ಇಲ್ಲ, ಅಂದರೆ ಕಣ್ಣಿನ ಉಪವಾಸ. ಹೆಡ್ ಮೇಡಂ ಸೀಟಿ ಊದುತ್ತಾರೆ, ಅಂದರೆ ಉಸಿರಿನ ಮೂಲಕ ನಾಯಕತ್ವ.

"ಇಂಥ ಶಾಲೇನ ಸಿಮೆಂಟಿನವಳು ಹೊಡ್ಕೊಂಡ್ಲು, ನೀವು ನನಗೆ ಕುದುರೆ ತೋರಿಸ್ತಾ ಕೂತ್ರಿ," ಎಂದು ಅಮ್ಮಾವ್ರು ಹಲ್ಲು ಕಡಿದರು. ಆಮೇಲೆ ಬಾಗಿಲ ಬಳಿ ಕೀಲಿ ಹಿಡಿದು ನಿಂತಿದ್ದ ಬೆಣ್ಣೆಯಣ್ಣನ ಕಡೆ ತಿರುಗಿದರು. "ನಿನಗೂ ಕಣ್ಣಿರಲಿಲ್ವಾ? ಊರೆಲ್ಲ ಸುತ್ತೋನು ನೀನು."

ಹೇಳಿಬಿಡೋಣ ಎಂದುಕೊಂಡ ಬೆಣ್ಣೆಯಣ್ಣ. "ಅಮ್ಮಾ, ಅದು ಏನಾಯ್ತು ಅಂದ್ರೆ..."

"ನೀನು ಸುಮ್ನೆ ಗಾಡಿ ಓಡಿಸು. ಸೋಮವಾರ ಏಳೂವರೆಗೆ ಅಲ್ಲಿರಬೇಕು. ಇನ್ನಿಬ್ಬರು ಆಳುಗಳನ್ನ ಕಳಿಸಿ ಸಾಲಿನಲ್ಲಿ ಎಲ್ಲಾದರೂ ತೂರಿಸೋಣ."

ಶನಿವಾರ ಅವನು ನಡೆದುಕೊಂಡೇ ಹೆಡ್ ಮೇಡಂ ಬಳಿ ಹೋದ. ಮಗಳು ಶುಕ್ರವಾರವೇ ರಜೆ ಹಾಕಿ, ಹುಡುಗಿಯನ್ನು ಕಟ್ಟಿಕೊಂಡು ಸಾಲಿನಲ್ಲಿ ನಿಂತಿದ್ದಳು. ಅವಳ ಮುಂದೆ ಇಪ್ಪತ್ತೆರಡು ಆಳುಗಳು ಕಾಲು ಚಾಚಿ ಕೂತಿದ್ದರು.

"ಇವರೆಲ್ಲ ತಪ್ಪು ತಿಳ್ಕೊಂಡು ಬಂದವರು ಮೇಡಂ. ವಾಪಸು ಕಳಿಸಿಬಿಡಿ."

"ಬಡವರ ಮಗು ಅಂತ ನಾನು ಯಾರನ್ನೂ ವಾಪಸು ಕಳಿಸಿದವಳಲ್ಲ," ಎಂದರು ಹೆಡ್ ಮೇಡಂ. "ಸಾಹುಕಾರರ ಮಗು ಅಂತ ಹೇಗೆ ಕಳಿಸಲಿ? ಸಾಲು ಅಂದ್ರೆ ಸಾಲು, ಅಜ್ಜಾವ್ರೇ."

ಹೊರಬಂದಾಗ ಮೊಮ್ಮಗಳು ಸಾಲಿನಿಂದಲೇ ಕೇಳಿದಳು: "ಅಜ್ಜಾ, ನಾನು ಎಷ್ಟನೆಯವಳು?"

"ಇಪ್ಪತ್ತಮೂರು ಮಗಾ."

"ಸೀಟು ಎಷ್ಟು?"

ಡಬ್ಬಿಗಳಿಗೆ ಪಾಠ ಹೇಳಿದವಳಿಗೆ ಇಷ್ಟು ಲೆಕ್ಕ ಕಷ್ಟವೇ? ಬೆಣ್ಣೆಯಣ್ಣ ಅವಳ ಕೆಂಪು ರಿಬ್ಬನ್ನು ಬಿಚ್ಚಿ ಮತ್ತೆ ಕಟ್ಟಿದ. ದುಂಡನೆಯ ಕೈಗೆ ಗಂಟು ಸರಿಯಾಗಿ ಬರಲಿಲ್ಲ.

ಸೋಮವಾರ ಬೆಳಿಗ್ಗೆ ಏಳೂವರೆ. ಹಿಂದಿನ ಸೀಟಿನಲ್ಲಿ ಅಮ್ಮಾವ್ರು, ಯಜಮಾನರು, ಬಿಳಿ ಬೂಟು, ಚಿಕ್ಕ ಮುಚ್ಚಳ. ಡಿಪೋ ಮೂಲೆ ತಿರುಗಿದ ಕೂಡಲೇ ಹನ್ನೊಂದು ಕಾರುಗಳು ಕಂಡವು. ಗೇಟಿನ ಬಳಿ ಸಾಲು, ಇಪ್ಪತ್ತೆರಡು ಆಳುಗಳ ಹಿಂದೆ ಒಂದು ಕೆಂಪು ರಿಬ್ಬನ್ನು. ಬೆಣ್ಣೆಯಣ್ಣನ ಕಾಲು ಬ್ರೇಕಿನ ಮೇಲೆ ಹೋಯಿತು. ಆದರೆ ಮೂವತ್ತೊಂದು ವರ್ಷದಲ್ಲಿ ಮೊದಲ ಸಲ ಆ ಕಾಲು ಹೇಳಿದ ಮಾತು ಕೇಳಲಿಲ್ಲ. ಕಾರು ನಿಧಾನವಾಯಿತು, ಗೇಟು ಬಂತು, ಗೇಟು ದಾಟಿತು.

"ಯಾಕೋ ನಿಲ್ಲಿಸ್ಲಿಲ್ಲ?" ಎಂದರು ಅಮ್ಮಾವ್ರು.

ಬೆಣ್ಣೆಯಣ್ಣ ಸುಳ್ಳು ಹುಡುಕಿದ, ಒಂದೂ ಸಿಗಲಿಲ್ಲ. ಕಣ್ಣೆದುರು ಕಂಡದ್ದನ್ನೇ ಹೇಳಿದ.

"ಅಲ್ಲಿ ಎಲ್ಲರೂ ಇದ್ದಾರಲ್ಲಮ್ಮಾ."

ಅಮ್ಮಾವ್ರು ಕಿಟಕಿಯಾಚೆ ನೋಡಿದರು. ಸಿಮೆಂಟು, ಗಾಜು, ಲಿಫ್ಟು, ಎಲ್ಲರೂ ಇದ್ದರು. ಎಲ್ಲರೂ ಇರುವ ಕಡೆ ತಾವು ಕೊನೆಯವರಾಗಿ ಹೋಗುವುದೇ?

"ಹೌದಲ್ಲ," ಎಂದರು ಮೆಲ್ಲಗೆ. "ಓಡಿಸು."

"ನಾನೂ ಅದನ್ನೇ ಹೇಳೋಣ ಅಂತಿದ್ದೆ," ಎಂದ ಬಿಳಿ ಬೂಟು.

ಮುಚ್ಚಳದವರ ಕಾರು ನಿಲ್ಲದೆ ಹೋದದ್ದನ್ನು ಸಿಮೆಂಟಿನಮ್ಮ ನೋಡಿದರು. ಮೂರು ದಿನ ಇಲ್ಲಿ ನಿಂತವರು ಇವತ್ತು ಮುಖವನ್ನೂ ತಿರುಗಿಸದೆ ಹೋಗುತ್ತಾರೆಂದರೆ ಏನರ್ಥ? "ಹಿಂದೆ ಬಿಡು," ಎಂದರು. ಮೀಸೆ ಬಿಟ್ಟ. ಸಿಮೆಂಟಿನ ಹಿಂದೆ ಗಾಜು ಹೊರಟಿತು, ಗಾಜಿನ ಹಿಂದೆ ಲಿಫ್ಟು. ಡೇರೆ, ಕುರ್ಚಿ, ಇಪ್ಪತ್ತೆರಡು ಆಳುಗಳು ಎಲ್ಲ ಡಿಕ್ಕಿಯೊಳಗೆ ತುಂಬಿಕೊಂಡವು. ಎರಡು ನಿಮಿಷದಲ್ಲಿ ಬೀದಿಗೆ ಬಿಸಿಲು ಬಂತು. ಕನ್ನಡಿಯಲ್ಲಿ ಬೆಣ್ಣೆಯಣ್ಣ ನೋಡಿದ: ಗೇಟಿನ ಮುಂದೆ ಉಳಿದದ್ದು ಒಂದು ಕೆಂಪು ರಿಬ್ಬನ್ನು, ಅದರ ಹಿಂದೆ ಎಂಟು ಹತ್ತು ಮಾಮೂಲಿ ಮಕ್ಕಳು.

ಆದರೆ ಈಗ ಹನ್ನೊಂದು ಕಾರು ಬೆನ್ನಿಗೆ ಬಿದ್ದಿದ್ದವು. ಎಲ್ಲಿಗೆ ಹೋಗುವುದೆಂದು ಅವನಿಗೂ ಗೊತ್ತಿರಲಿಲ್ಲ. ಬೆಳಿಗ್ಗೆ ಎಂಟರಿಂದ ಹನ್ನೊಂದರವರೆಗೆ ಊರನ್ನು ಏಳು ಸುತ್ತು ಸುತ್ತಿದ. ನಾಲ್ಕನೇ ಸುತ್ತಿಗೆ ಮೊದಲನೇ ಕಾರೂ ಕೊನೇ ಕಾರೂ ಒಂದನ್ನೊಂದು ಮುಟ್ಟಿ, ಯಾರು ಯಾರ ಹಿಂದೆ ಹೋಗುತ್ತಿದ್ದಾರೆಂದು ಟ್ರಾಫಿಕ್ ಪೊಲೀಸನಿಗೆ ತಲೆ ಸುತ್ತು ಬಂತು. ಕೊನೆಗೆ ಪೆಟ್ರೋಲ್ ಮುಗಿದು ಕಾರು ತಾನಾಗಿಯೇ, ಬೆಣ್ಣೆಯ ಹಾಗೆ, ಊರಾಚೆಯ ಒಂದು ಹಾಸಿಗೆ ಗೋದಾಮಿನ ಮುಂದೆ ನಿಂತಿತು. ತುಕ್ಕು ಹಿಡಿದ ಬಾಗಿಲು. ಬಾಗಿಲ ಪಕ್ಕ ಸ್ಟೂಲಿನ ಮೇಲೆ ಒಬ್ಬ ಕಾವಲುಗಾರ ತೂಕಡಿಸುತ್ತಿದ್ದ.

ಮರಗಳು ನಿಂತದ್ದನ್ನು ನೋಡಿ ಅಮ್ಮಾವ್ರು ಇಳಿದರು. "ಇಲ್ಲಿ ಅಡ್ಮಿಷನ್ ಇದೆಯಾ?"

ಕಾವಲುಗಾರ ಒಂದು ಕಣ್ಣು ತೆಗೆದ. "ಇಲ್ಲ. ಒಳಗೆ ಯಾರನ್ನೂ ಬಿಡಲ್ಲ."

ಅಮ್ಮಾವ್ರ ಮೈ ಜುಮ್ಮೆಂದಿತು. ಹನ್ನೊಂದು ಕಾರಿನ ಬಾಗಿಲು ಒಟ್ಟಿಗೆ ತೆರೆದವು.

"ಯಾರನ್ನೂ ಅಂದ್ರೆ?"

"ಯಾರನ್ನೂ ಅಂದ್ರೆ ಯಾರನ್ನೂ. ಮೊನ್ನೆ ಮಾಲೀಕರ ಅಳಿಯಾನೇ ಬಂದಿದ್ರು, ಬಿಡ್ಲಿಲ್ಲ."

"ಯಾವಾಗ ತೆಗೀತೀರಿ?"

"ನನಗೆ ಹೇಳಿಲ್ಲ."

ಬಿಳಿ ಬೂಟು ಪುಸ್ತಕ ತೆಗೆದು ಬರೆಯತೊಡಗಿದ. ಅಷ್ಟರಲ್ಲಿ ಚಿಕ್ಕ ಮುಚ್ಚಳ ಎಲ್ಲರ ಕಾಲಿನ ಸಂದಿಯಲ್ಲಿ ನುಸುಳಿ, ಬಾಗಿಲ ಬಿರುಕಿನಲ್ಲಿ ಇಣುಕಿ, ಮಾಡಿನವರೆಗೆ ಪೇರಿಸಿದ ಹಾಸಿಗೆಗಳನ್ನು ನೋಡಿತು. ಮೊದಲ ಬಾರಿಗೆ ಯಾರೂ ಕೇಳದೆಯೇ ಬಾಯಿ ಬಿಟ್ಟಿತು: "ನನಗಿದು ಬೇಕು."

ಆಮೇಲೆ ನಡೆದದ್ದನ್ನು ಚುಟುಕಾಗಿ ಹೇಳುವುದು ವಾಸಿ. ಹನ್ನೆರಡು ಮನೆಯವರೂ ಸೇರಿ ಗೋದಾಮನ್ನು ಹಾಗೇ, ಹಾಸಿಗೆ ಸಮೇತ, ಕೊಂಡುಕೊಂಡರು. ಕಾವಲುಗಾರ ಪ್ರಿನ್ಸಿಪಾಲನಾದ. ಸ್ಟೂಲು ಮಾತ್ರ ಬದಲಾಯಿಸಲು ಬಿಡಲಿಲ್ಲ, ಅದರಿಂದ ಅವನ ಗೌರವ ಇನ್ನೂ ಏರಿತು. ಮಕ್ಕಳು ಬೆಳಗಿನಿಂದ ಸಂಜೆವರೆಗೆ ಕುಪ್ಪಳಿಸುತ್ತವೆ. ಈಗ ಅಲ್ಲಿ ಸೀಟು ಬೇಕೆಂದರೆ ಅಜ್ಜ ಹುಟ್ಟುವ ಮೊದಲೇ ಮೊಮ್ಮಗನ ಹೆಸರು ಬರೆಸಬೇಕಂತೆ.

ಬೆಣ್ಣೆಯಣ್ಣನಿಗೆ ಮಾತ್ರ ಆವತ್ತಿನಿಂದ ಕಾರು ನಿಲ್ಲಿಸಲು ಭಯ. ಒಮ್ಮೆ ಚಪ್ಪಲಿಯ ಉಂಗುಷ್ಠ ಕಿತ್ತುಹೋಗಿ ಒಂದು ಬೀಗ ರಿಪೇರಿ ಅಂಗಡಿಯ ಮುಂದೆ ಐದು ನಿಮಿಷ ನಿಂತಿದ್ದಕ್ಕೆ, ಮರುದಿನ ಲಿಫ್ಟಿನವರು ಆ ಅಂಗಡಿಗೆ ಬಂದು ತಮ್ಮ ದೊಡ್ಡ ಮಗಳ ಕಾಲೇಜಿಗೆ ಅರ್ಜಿ ಕೇಳಿದರಂತೆ. ಹಾಗಾಗಿ ಮಧ್ಯಾಹ್ನದ ಬಿಡುವಿನಲ್ಲಿ ಕಾರನ್ನು ನಾಲ್ಕು ಬೀದಿ ಆಚೆ, ಒಂದು ದೊಡ್ಡ ಗೋಡೆಯ ಮರೆಯಲ್ಲಿ ಬಿಟ್ಟು, ಟೋಪಿ ತೆಗೆದು ಜೇಬಿಗಿಟ್ಟು, ಡಿಪೋ ಹಿಂದೆ ನಡೆದೇ ಬರುತ್ತಾನೆ. ಹೆಡ್ ಮೇಡಂ ಸೀಟಿ ಊದುತ್ತಾರೆ. ಮೊಮ್ಮಗಳು ಮೊದಲನೇ ಬೆಂಚಿನಿಂದ ಓಡಿ ಬರುತ್ತಾಳೆ.

"ಅಜ್ಜಾ, ಎಲ್ಲರ ಅಜ್ಜಂದಿರೂ ಸೈಕಲ್ಲಾದ್ರೂ ತರ್ತಾರೆ. ನಿಂದು ಅಷ್ಟುದ್ದದ ಕಾರು, ಒಂದಿನಾನೂ ತರಲ್ಲ."

"ತರಬಾರದು ಮಗಾ," ಎನ್ನುತ್ತಾನೆ ಬೆಣ್ಣೆಯಣ್ಣ, ಹಿಂದೆ ಮುಂದೆ ನೋಡಿಕೊಂಡು. "ತಂದ್ರೆ ನಿನ್ನ ಬೆಂಚು ಹೋಗುತ್ತೆ."