ಸೋಮವಾರದ ಸೂಜಿ

೧೯೫೩ನೇ ಇಸವಿ. ಕೊಳ್ಳೇಗಾಲದ ಒಂದು ಆಸ್ಪತ್ರೆಯಲ್ಲಿ ನಾನು ಡ್ರೆಸ್ಸರ್. ಗಾಯ ತೊಳೆಯುವುದು, ಪಟ್ಟಿ ಕಟ್ಟುವುದು, ಗಾಜಿನ ಸಿರಿಂಜು ಕುದಿಸುವುದು, ಡಾಕ್ಟರು ಹೇಳಿದಷ್ಟು ಮದ್ದು ತುಂಬಿ ಚುಚ್ಚುವುದು, ಇಷ್ಟು ನನ್ನ ಕೆಲಸ. ಓದಿರುವುದು ಮೂರನೇ ಕ್ಲಾಸು. ಎಲ್ಲವನ್ನೂ ನಿಂತೇ ಮಾಡಬೇಕು. ಮಧ್ಯಾಹ್ನದ ಹೊತ್ತಿಗೆ ಕಾಲು ನನ್ನದಲ್ಲ ಅನ್ನಿಸುತ್ತದೆ.

ಕೊಳ್ಳೇಗಾಲ ಮದ್ರಾಸ್ ಸರ್ಕಾರದ್ದು. ಇಲ್ಲಿ ಪಾನನಿಷೇಧ ಇದೆ. ಯಳಂದೂರು ಮೈಸೂರಿನದು, ಅಲ್ಲಿ ಹೆಂಡ ಸಿಗುತ್ತದೆ. ಆ ಕಡೆ ಕುಡಿದು ಈ ಕಡೆ ಬಂದವರನ್ನು ಪೊಲೀಸರು ಹಿಡಿದು ಆಸ್ಪತ್ರೆಗೆ ತರುತ್ತಾರೆ. ಕುಡಿದಿದ್ದಾನೆ ಎಂದು ಡಾಕ್ಟರು ಬರೆದುಕೊಟ್ಟರೆ ಮಾತ್ರ ಕೇಸು ನಿಲ್ಲುತ್ತದೆ. ಬಾಯಿ ಮೂಸುವುದು, ನೆಲದ ಮೇಲೆ ಗೆರೆ ಎಳೆದು ಅದರ ಮೇಲೆ ನಡೆಸುವುದು ನನ್ನ ಪಾಲಿಗೆ. ಅವರು ಕಕ್ಕಿದ್ದನ್ನು ತೊಳೆಯುವವನೂ ನಾನೇ. ಸಾಕಾಗಿಹೋಗಿತ್ತು.

ಗಡಿಯಾಚೆ, ಯಳಂದೂರು ಕಡೆಯ ಮಾಂಬಳ್ಳಿಯ ಮಾದಪ್ಪನವರು ದಿನಾ ಬೆಳಿಗ್ಗೆ ಬರುತ್ತಿದ್ದ ರೋಗಿ. ಜಮೀನುದಾರರು, ರೇಷ್ಮೆಗೂಡಿನ ವ್ಯಾಪಾರವೂ ಇತ್ತು. ಎದೆಯ ಮೇಲೆ ಲಿಂಗ, ಹಣೆ ತುಂಬ ವಿಭೂತಿ. ಹೆಂಡದ ಹೆಸರು ಎತ್ತಿದರೆ ಎದ್ದು ಹೋಗುವಂಥವರು. ಅವರಿಗೆ ಸಕ್ಕರೆ ಕಾಯಿಲೆ. ಒಂದು ವರ್ಷಕ್ಕೂ ಹೆಚ್ಚು ಕಾಲದಿಂದ ಇನ್ಸುಲಿನ್ ಚುಚ್ಚಿಸಿಕೊಳ್ಳುತ್ತಿದ್ದರು. ರಕ್ತದಲ್ಲಿ ಏರಿದ ಸಕ್ಕರೆಯನ್ನು ಇಳಿಸುವ ಮದ್ದು ಅದು. ಸಕ್ಕರೆ ಎಷ್ಟಿದೆ ಎಂದು ತಿಳಿಯಲು ಬೆನೆಡಿಕ್ಟ್ ಎಂಬ ನೀಲಿ ದ್ರಾವಣಕ್ಕೆ ನಾಲ್ಕು ಹನಿ ಮೂತ್ರ ಹಾಕಿ ಸ್ಪಿರಿಟ್ ದೀಪದ ಮೇಲೆ ಕಾಯಿಸುತ್ತೇವೆ. ಸಕ್ಕರೆ ತುಂಬ ಇದ್ದರೆ ಇಟ್ಟಿಗೆ ಬಣ್ಣ, ಸ್ವಲ್ಪ ಇದ್ದರೆ ಹಸಿರು, ಇಲ್ಲದಿದ್ದರೆ ನೀಲಿಯಾಗೇ ಉಳಿಯುತ್ತದೆ. ಮಾದಪ್ಪನವರದು ಮೊದಲ ಆರು ತಿಂಗಳು ಇಟ್ಟಿಗೆ ಬಣ್ಣವೇ. ಮದ್ದು ಏರಿಸಿದರೂ ಅಷ್ಟೇ.

ನಮ್ಮ ಡಾಕ್ಟರು ಈರೋಡು ಕಡೆಯವರು, ಕನ್ನಡಕ್ಕೆ ತಮಿಳು ಬೆರೆಸಿ ಮಾತಾಡುವವರು. ಎತ್ತಿನ ಬಂಡಿಯಲ್ಲಿ ಬರುವುದು ಬಿಟ್ಟು ನಡೆದು ಬನ್ನಿ ಎಂದರು. ಮಾದಪ್ಪನವರು ಒಪ್ಪಲಿಲ್ಲ. ಜಮೀನುದಾರ ಕೈಬೀಸಿಕೊಂಡು ನಡೆದರೆ ಎತ್ತು ಮಾರಿಕೊಂಡ ಅಂತಾರೆ ಎಂದರು. ಕೊನೆಗೆ ಒಂದು ದಾರಿ ಅವರೇ ಕಂಡುಕೊಂಡರು. ಮುಂದೆ ಇವರು ನಡೆಯುವುದು, ಹಿಂದೆ ಖಾಲಿ ಬಂಡಿ ಬರುವುದು. ಎತ್ತುಗಳು ಇನ್ನೂ ಇವೆ ಎಂದು ಊರಿಗೆ ಕಾಣಬೇಕಲ್ಲ. ಆಸ್ಪತ್ರೆಯಲ್ಲಿ ನಾವು ನಕ್ಕಿದ್ದೇ ನಕ್ಕಿದ್ದು.

ಮೊದಲು ಎರಡು ಫರ್ಲಾಂಗಿಗೆ ಏದುಸಿರು ಬಂದು ಬಂಡಿ ಹತ್ತುತ್ತಿದ್ದರಂತೆ. ಆಮೇಲೆ ಅರ್ಧ ದಾರಿ. ಕೆಲವು ತಿಂಗಳಾದ ಮೇಲೆ ಬಂಡಿ ಮನೆಯಲ್ಲೇ ಉಳಿಯಿತು, ಇವರು ಹೋಗುವುದು ಬರುವುದು ಎರಡೂ ನಡಿಗೆ. ಹೊಟ್ಟೆ ಇಳಿಯಿತು. ದ್ರಾವಣ ಹಸಿರಾಯಿತು, ಆಮೇಲೆ ನೀಲಿ. ಡಾಕ್ಟರು ಎರಡು ಸಲ ಮದ್ದು ಇಳಿಸಿದರು. ದುಡಿಯುವ ಮಾಂಸ ರಕ್ತದ ಸಕ್ಕರೆಯನ್ನು ತಾನೇ ಎಳೆದುಕೊಳ್ಳುತ್ತದೆ, ದುಡಿದು ಪಳಗಿದ ಮೈಗೆ ಕಡಿಮೆ ಇನ್ಸುಲಿನ್ನೇ ಹೆಚ್ಚು ಕೆಲಸ ಮಾಡುತ್ತದೆ ಎಂದು ನನಗೆ ಹೇಳಿದ್ದರು. ನಾನು ತಲೆಯಾಡಿಸಿದ್ದೆ. ಸಾಲಿನಲ್ಲಿ ಇನ್ನೂ ಜನ ಇದ್ದರು.

ಶ್ರಾವಣದ ಮೊದಲ ಸೋಮವಾರ ಬಂತು. ಬೆಳಿಗ್ಗೆ ಎಂದಿನಂತೆ ಬಂದರು, ಚುಚ್ಚಿದೆ, ಹೋದರು. ದಿನಾ ಸೂಜಿ ಆದ ಮೇಲೆ ಪಕ್ಕದ ಬೀದಿಯ ನೆಂಟರ ಮನೆಯಲ್ಲಿ ಊಟ ಮಾಡಿ ಊರಿಗೆ ಹೊರಡುತ್ತಿದ್ದರು. ಅವತ್ತು ಅಲ್ಲಿಗೆ ಹೋಗಿರಲಿಲ್ಲ ಎಂದು ನನಗೆ ಆಮೇಲೆ ತಿಳಿಯಿತು.

ಹನ್ನೊಂದು ಗಂಟೆ ಇರಬಹುದು. ಒಬ್ಬ ಪೇದೆ ಯಾರದೋ ಬಂಡಿಯಲ್ಲಿ ಒಬ್ಬರನ್ನು ಹೇರಿಕೊಂಡು ಬಂದ. ಶಾಗ್ಯ ಎಂಬ ಊರಿನವನು, ಗಡಿಯ ಗಸ್ತಿಗೆ ಹೊಸದಾಗಿ ಹಾಕಿದ್ದರು. ಅವನ ಹಣೆಯ ಮೇಲೂ ವಿಭೂತಿ ಇತ್ತು. ಬಂಡಿಯಲ್ಲಿ ಒರಗಿದ್ದವರು ಮಾದಪ್ಪ. ಅಂಗಿ ಒದ್ದೆ, ಪಂಚೆ ಕಳಚಿತ್ತು, ನಾಲಿಗೆ ತೊದಲುತ್ತಿತ್ತು. ಹಿಂದೆ ಒಂದಷ್ಟು ಜನ ಬಂದಿದ್ದರು.

"ಉಣ್ಸೆಮರದ ಬುಡ್ದಲ್ಲಿ ಬಿದ್ದಿದ್ದ ಕಣ್ಲಾ. ಸಿವಾಚಾರದೋರು ಅಂತ ಮೈಮೇಲೆ ಲಿಂಗ ಬೇರೆ" ಎಂದು ಪೇದೆ ನನಗೆ ಹೇಳಿದ. "ಮೂಸ್ಬುಟ್ಟು ಯೋಳು. ನಾನಿನ್ನೂ ಉಂಡಿಲ್ಲ."

ಮೂಸಿದೆ. ಹೆಂಡದ ವಾಸನೆ ಇಲ್ಲ. ವಾಸನೆ ಬರದ ಹಾಗೆ ಏಲಕ್ಕಿ ಅಗಿದು ಬರುವವರನ್ನೂ ನೋಡಿದ್ದೇನೆ. ಗೆರೆಯ ಮೇಲೆ ನಿಲ್ಲಿಸಿದೆವು. ಒಂದು ಹೆಜ್ಜೆ ಇಟ್ಟು ಕುಸಿದರು. ಬಾಗಿಲಲ್ಲಿ ಇದ್ದವರು ನಕ್ಕರು. ಅಷ್ಟರಲ್ಲಿ ಡಾಕ್ಟರು ಬಂದು ಕೈ ಮುಟ್ಟಿದರು. ಕೈ ತಣ್ಣಗಿತ್ತು. ಕೂಡಲೇ ನನ್ನ ಕಡೆ ತಿರುಗಿದರು.

"ಇವರು ಇವತ್ತು ಸಾಪ್ಪಾಡು... ಊಟ ಮಾಡಿದ್ದಾರಾ?"

"ಗೊತ್ತಿಲ್ಲ ಸಾ."

ಸಕ್ಕರೆ ಪಾತಾಳಕ್ಕೆ ಇಳಿದಿದೆ, ಇನ್ನು ಸ್ವಲ್ಪ ಹೊತ್ತಿಗೆ ಎಚ್ಚರ ತಪ್ಪುತ್ತದೆ, ಜೀವವೇ ಹೋಗಬಹುದು ಎಂದರು. ನರಕ್ಕೆ ಕೊಡುವ ಗ್ಲೂಕೋಸ್ ಮುಗಿದು ವಾರವಾಗಿತ್ತು, ಕೊಯಮತ್ತೂರಿನಿಂದ ಬರಬೇಕಿತ್ತು. ನುಂಗಲು ಆಗುವಾಗಲೇ ಬಾಯಿಗೆ ಹಾಕಬೇಕು. ಒಂದು ಲೋಟ ನೀರಿಗೆ ಸಕ್ಕರೆ ಸುರಿದು ತಂದೆ. ಮಾದಪ್ಪನವರು ಹಲ್ಲು ಕಚ್ಚಿಕೊಂಡರು. ಲೋಟ ತಳ್ಳಿದರು. "ಸ್ವಾಮಾರ... ಸಂದ್ಗಂಟ ಇಲ್ಲ..." ಎಂದಿಷ್ಟೇ ತಿಳಿಯಿತು. ಉಪವಾಸ. ಸಂಜೆ ಲಿಂಗಪೂಜೆ ಆಗುವ ತನಕ ಏನೂ ಮುಟ್ಟುವುದಿಲ್ಲ. ತಲೆ ಎಲ್ಲೋ ಹೋಗಿತ್ತು, ವ್ರತ ಮಾತ್ರ ಗಟ್ಟಿಯಾಗಿ ನಿಂತಿತ್ತು. ನಾನು ದವಡೆ ಬಿಡಿಸಲು ನೋಡಿದೆ. ನೀರೆಲ್ಲ ಎದೆಯ ಮೇಲೆ ಹರಿಯಿತು. ಬಲವಂತ ಮಾಡಿದರೆ ಶ್ವಾಸಕ್ಕೆ ಹೋಗುತ್ತದೆ ಎಂದು ಡಾಕ್ಟರು ತಡೆದರು.

ಪೇದೆಯ ಮುಖ ಇಳಿದಿತ್ತು. ಅವನು ಟೋಪಿ ತೆಗೆದು ಕಿಟಕಿಯ ಮೇಲಿಟ್ಟ. "ಇತ್ಲಾಗ್ ಕೊಡ್ಲಾ" ಎಂದು ನನ್ನ ಕೈಯಿಂದ ಲೋಟ ಕಿತ್ತುಕೊಂಡ. ಮಾದಪ್ಪನವರ ಮುಂದೆ ಮಂಡಿಯೂರಿ ಕೂತು ಮೆಲ್ಲಗೆ ಹೇಳಿದ:

"ಪೂಜೆ ಆಯ್ತು ಬುದ್ದಿ. ತೀರ್ತ ತಕಳಿ."

ಮಾದಪ್ಪನವರ ಬಲಗೈ ತಾನಾಗಿ ಮುಂದೆ ಬಂದು ಬೋಗುಣಿಯಾಯಿತು. ಎಡಗೈ ಅದರ ಕೆಳಗೆ ಸೇರಿತು. ಪೇದೆ ಸುರಿದ. ಕೈ ಬಾಯಿಗೆ ಹೋಯಿತು. ಮತ್ತೆ ಚಾಚಿತು. ಹಾಗೆ ಗುಟುಕು ಗುಟುಕಾಗಿ ಲೋಟ ಖಾಲಿಯಾಯಿತು, ಇನ್ನೊಂದು ಮಾಡಿ ತಂದೆ.

ಸ್ವಲ್ಪ ಹೊತ್ತಿಗೆ ಕಣ್ಣು ನೆಟ್ಟಗಾಯಿತು. ಪಂಚೆ ಸರಿಮಾಡಿಕೊಂಡರು. ಸುತ್ತ ನೋಡಿ, ಲೋಟ ನೋಡಿ, ತುಟಿ ನೆಕ್ಕಿಕೊಂಡರು. ಸಿಹಿ. ಏನಾಯಿತು ಎಂದು ಯಾರೂ ಹೇಳಬೇಕಾಗಲಿಲ್ಲ.

"ಬುದ್ದಿ ಬಂದ್ಕಾಲದಿಂದ ಒಂದ್ ಸ್ರಾವಣ ತಪ್ಸಿರ್ನಿಲ್ಲ" ಎಂದರು. ಆಮೇಲೆ ಡಾಕ್ಟರಿಗೆ, "ಓದೊರ್ಸಾನೂ ಸೂಜಿ ಆಕುಸ್ಕಂಡೇ ಉಪಾಸ ಇದ್ದಿ ಸ್ವಾಮಿ. ಏನೂ ಆಗ್ನಿಲ್ವಲ್ಲ."

ಹೋದ ವರ್ಷ ಬಂಡಿಯಲ್ಲಿ ಬಂದಿರಿ, ಈ ವರ್ಷ ನಡೆದು ಬಂದಿರಿ ಎಂದರು ಡಾಕ್ಟರು. ಆಗಿನ ಮೈ ಸೂಜಿಗೆ ಬಗ್ಗುತ್ತಿರಲಿಲ್ಲ, ಸಕ್ಕರೆ ಮಿಕ್ಕಿ ಹರಿಯುತ್ತಿತ್ತು. ಈಗಿನ ಮೈ ಬಗ್ಗುತ್ತದೆ, ಮಿಕ್ಕಿದ್ದೂ ಇಲ್ಲ. ಮದ್ದು ಇಳಿಸಿದ್ದರೂ ಸೂಜಿ ಅದೇ, ಸೋಮವಾರ ಅದೇ, ಮೈ ಮಾತ್ರ ಅದಲ್ಲ. ಆ ನೀಲಿ ಬಣ್ಣವನ್ನೂ ಪೂರ್ತಿ ನಂಬಬೇಡ ಎಂದು ನನಗೆ ಹೇಳಿದರು. ಸಕ್ಕರೆ ಸರಿಯಿದ್ದರೂ ನೀಲಿ, ಸಾಯುವಷ್ಟು ಇಳಿದರೂ ನೀಲಿ.

ನಡಿಗೆ ಬಿಟ್ಟು ಬಂಡಿ ಹತ್ತಿದರೆ ಉಪವಾಸ ಮಾಡಬಹುದಾ ಎಂದು ಮಾದಪ್ಪನವರು ಕೇಳಿದರು. ಮಾಡಬಹುದು, ಆ ದಿನ ಮದ್ದು ಇಳಿಸುತ್ತೇನೆ, ಆದರೆ ಬಂಡಿಗೆ ಮರಳಿದರೆ ಕಾಯಿಲೆಯೂ ಮರಳುತ್ತದೆ, ನಡೆಯುವುದಾದರೆ ಮದ್ದು ಇಳಿಸಿದರೂ ಉಣ್ಣಲೇಬೇಕು ಎಂದು ಡಾಕ್ಟರು ಅಂದರು. ಪೇದೆ ಹೊರಗೆ ಹೋಗಿ ಜನರಿಗೆ, ಕುಡಿದಿಲ್ಲ ಕಣ್ರಯ್ಯಾ, ಕಾಯಿಲೆ, ಎಂದು ಒಬ್ಬೊಬ್ಬರಿಗೂ ಹೇಳಿದ. ಎಷ್ಟು ಜನ ನಂಬಿದರೋ.

ಮುಂದಿನ ಸೋಮವಾರ ಮಾದಪ್ಪನವರು ಅದೇ ರಸ್ತೆಯಲ್ಲಿ ನಡೆದೇ ಬಂದರು. ಚುಚ್ಚಿಸಿಕೊಂಡರು. ಇನ್ಸುಲಿನ್ ಚುಚ್ಚಿಸಿಕೊಂಡ ಯಾರನ್ನೂ ಉಣ್ಣದೆ ಕಳಿಸಬಾರದು ಎಂದು ನನಗೆ ಅಪ್ಪಣೆಯಾಗಿತ್ತು, ಹಾಗಾಗಿ ಬಾಗಿಲಲ್ಲಿ ನಿಂತೆ. ಅವರು ಜಗಲಿಯ ಮೂಲೆಗೆ ಹೋಗಿ ಗೋಡೆಯ ಕಡೆ ಮುಖ ಮಾಡಿ ಕೂತರು. ಬಟ್ಟೆಯ ಗಂಟಿನಿಂದ ರಾಗಿರೊಟ್ಟಿ ತೆಗೆದು ಲಿಂಗವನ್ನು ಕಣ್ಣಿಗೊತ್ತಿಕೊಂಡು ತಿಂದರು. ತಿನ್ನಲು ಬಹಳ ಹೊತ್ತು ಹಿಡಿಯಿತು. ಎದ್ದಾಗ ಕಣ್ಣು ಕೆಂಪಗಿತ್ತು.

ಅವತ್ತಿನಿಂದ ಸೂಜಿ ತುಂಬುವ ಮೊದಲು ಪ್ರತಿಯೊಬ್ಬರನ್ನೂ ಕೇಳುತ್ತೇನೆ. ಏನು ಉಂಡಿರಿ, ಎಷ್ಟು ನಡೆದಿರಿ, ಇವತ್ತು ಹೊಲದಲ್ಲಿ ಏನು ಕೆಲಸ. ನಿಂಗ್ಯಾಕ್ಲಾ ಅದು ಎಂದು ಬೈಯುವವರೂ ಇದ್ದಾರೆ. ಸಾಲು ಉದ್ದವಾಗುತ್ತದೆ, ಕಾಲು ನೋಯುತ್ತದೆ. ಆದರೂ ಕೇಳಬೇಕು. ಮೊನ್ನೆ ಮದ್ದು ತಕೊಂಡ ಮೈ ಇವತ್ತೂ ಅದೇ ಆಗಿರುತ್ತದೆ ಎಂದು ತಿಳಿದು ಚುಚ್ಚಬಾರದು.