ಪರದೆಯ ಮೇಲಿದ್ದವಳು, ಮಂಚದ ಮೇಲಿದ್ದವಳು

ಆಸ್ಪತ್ರೆಗೆ ಡಿಜಿಟಲ್ ದಾಖಲೆ ಬಂದು ಎರಡನೇ ವರ್ಷ. ಆಗ ನಾನು ಹೊಳಲ್ಕೆರೆ ತಾಲ್ಲೂಕಿನಲ್ಲಿ ಹೆರಿಗೆ ವಾರ್ಡಿನ ನರ್ಸಿಂಗ್ ಆಫೀಸರ್. ಫೋನ್ ನಂಬರ್ ಹೊಡೆದು, ಬಂದ ಓಟಿಪಿ ಹಾಕಿದರೆ ಸಾಕು, ರೋಗಿಯ ಹಳೆಯ ಕಾಯಿಲೆ, ಔಷಧ, ಹೆರಿಗೆ ಎಲ್ಲವೂ ಪರದೆಯ ಮೇಲೆ. ಹರಿದ ಚೀಟಿಗಳ ಗಂಟು ಬಿಚ್ಚಿ ಬಿಚ್ಚಿ ಸಾಕಾಗಿದ್ದ ನನಗೆ ಅದು ದೊಡ್ಡ ಅನುಕೂಲವಾಗಿತ್ತು.

ಒಂದು ಮಧ್ಯಾಹ್ನ ರಾಮಗಿರಿ ಕಡೆಯಿಂದ ಆಟೋದಲ್ಲಿ ಗರ್ಭಿಣಿಯೊಬ್ಬಳು ಬಂದಳು. ದಿನ ತುಂಬುವ ಮೊದಲೇ ನೋವು ಶುರುವಾಗಿತ್ತು. ಮಗುವಿನ ತಲೆ ಆಗಲೇ ಕಾಣುತ್ತಿತ್ತು. ನಾವು ಅವಳನ್ನು ಒಳಗೆ ಒಯ್ದೆವು, ಜೊತೆಗಿದ್ದ ಅತ್ತೆ ಕೌಂಟರಿನಲ್ಲಿ ನೋಂದಣಿ ಮಾಡಿಸಿದರು. ಹೆಣ್ಣು ಮಗು ಹುಟ್ಟಿ ಜೋರಾಗಿ ಅತ್ತಿತು. ಸದ್ಯ ಎಂದುಕೊಳ್ಳುವಷ್ಟರಲ್ಲಿ ತಾಯಿಗೆ ರಕ್ತಸ್ರಾವ ಶುರುವಾಯಿತು.

ಹೊಟ್ಟೆ ನೀವಿದೆವು, ಗರ್ಭಕೋಶ ಕುಗ್ಗಿಸುವ ಆಕ್ಸಿಟೋಸಿನ್ ಕೊಟ್ಟೆವು. ರಕ್ತ ನಿಲ್ಲಲಿಲ್ಲ. ಬಟ್ಟೆ ತೊಯ್ದು ನೆಲಕ್ಕೆ ತೊಟ್ಟಿಕ್ಕತೊಡಗಿತು. ಡಾಕ್ಟರು ಗರ್ಭಕೋಶ ಗಟ್ಟಿಯಾಗಲು ಕಾರ್ಬೊಪ್ರಾಸ್ಟ್ ಇಂಜೆಕ್ಷನ್ ತುಂಬಲು ಹೇಳಿದರು. ಆದರೆ ಅಸ್ತಮಾ ಇದ್ದವರಿಗೆ ಅದನ್ನು ಕೊಟ್ಟರೆ ಉಸಿರೇ ಕಟ್ಟಿಹೋಗಬಹುದು. ಅವರು ಪರದೆ ನೋಡಿದರು.

“ಅಸ್ತಮಾ ಇಲ್ಲ. ಕೊಡ್ರಿ, ಬೇಗ!”

ಸಿರಿಂಜ್ ಹಿಡಿದು ತಿರುಗಿದವಳ ಕಣ್ಣಿಗೆ ಪರದೆಯ ಇನ್ನೊಂದು ಸಾಲು ಬಿತ್ತು: ಮೊದಲ ಹೆರಿಗೆ ಸಿಸೇರಿಯನ್. ನಾನು ಆಗಷ್ಟೇ ನೀವಿದ ಹೊಟ್ಟೆಯ ಮೇಲೆ ಹೊಲಿಗೆಯ ಗುರುತೇ ಇರಲಿಲ್ಲ.

“ಮೇಡಂ, ಇದು ಇವಳ ದಾಖಲೆ ಅಲ್ಲ!”

ಬಾಗಿಲು ತೆರೆದು ಅತ್ತೆಯ ಮೇಲೆ ರೇಗಿದೆ. “ಯಾರ ನಂಬರ್ ಕೊಟ್ಟೆಯಮ್ಮ?”

“ದೊಡ್ಡ ಸೊಸೇದು ಕಣವ್ವ. ಇವಳ ಗಂಡ ಕುರಿ ಹೊಡ್ಕಂಡು ಹಿರಿಯೂರು ಕಡೆ ಹೋಗ್ಯಾನೆ, ಇವಳ ನಂಬರಿನ ಫೋನು ಅವನತ್ರ ಐತೆ. ಓಟಿಪಿ ಬೇಕೇ ಬೇಕು ಅಂದ್ರು. ದೊಡ್ಡೋಳ ಫೋನು ನನ್ನ ಕೈಯಾಗಿತ್ತು, ಕೊಟ್ಟೆ. ಒಂದೇ ಮನೇರಲ್ಲೇನು?”

“ಇವಳಿಗೆ ಉಬ್ಬಸ ಐತೇನು?”

“ಐತೆ. ಚಳಿ ಬಂದ್ರೆ ಉಸ್ರಾಡಾಕೇ ಆಗಲ್ಲ.”

ಸಿರಿಂಜನ್ನು ಟ್ರೇಗೆ ಎಸೆದೆ. ಉಳಿದಿದ್ದ ಇನ್ನೊಂದು ಇಂಜೆಕ್ಷನ್ ಮೆಥರ್ಜಿನ್; ಅದನ್ನು ಉಬ್ಬಸಕ್ಕಲ್ಲ, ಬಿಪಿ ಹೆಚ್ಚಿದ್ದರೆ ಕೊಡಬಾರದು. ಬಿಪಿ ನೋಡಿದೆವು, ಹೆಚ್ಚಿರಲಿಲ್ಲ, ಕೊಟ್ಟೆವು. ಡಾಕ್ಟರು ಎರಡೂ ಕೈಯಿಂದ ಗರ್ಭಕೋಶವನ್ನು ಒತ್ತಿ ಹಿಡಿದರು. ಕೊನೆಗೆ ಅವರು “ಗಟ್ಟಿ ಆಗ್ತಿದೆ” ಎಂದರು. ರಕ್ತ ನಿಂತಿತ್ತು.

ಸಂಜೆ ದಾಖಲೆ ಸರಿಪಡಿಸಲು ಕುಳಿತೆ. ಕಂಪ್ಯೂಟರಿನಲ್ಲಿ ಕೂಸು ದೊಡ್ಡ ಸೊಸೆಯದಾಗಿಬಿಟ್ಟಿತ್ತು! ನನ್ನ ಸಿಟ್ಟು ಇನ್ನೂ ಇಳಿದಿರಲಿಲ್ಲ. ಮಗುವಿಗೆ ಹಾಲು ಕೊಡುತ್ತಿದ್ದವಳನ್ನೂ ಬಿಡಲಿಲ್ಲ.

“ಉಬ್ಬಸ ಐತೆ ಅಂತ ಬಾಯಿಬಿಟ್ಟು ಹೇಳಾಕೆ ಏನಾಗಿತ್ತವ್ವ ನಿಂಗೆ?”

ಅವಳು ತಲೆಯೆತ್ತಿದಳು. “ನಂಗೆ ಎಚ್ಚರ ಇತ್ತು ಮೇಡಂ. ನನ್ನ ಯಾರೂ ಕೇಳ್ಲೇ ಇಲ್ಲ.”

ನನಗೆ ನಾಚಿಕೆಯಾಯಿತು.

ಕಂಪ್ಯೂಟರ್ ಬೇಡವೆನ್ನುವಷ್ಟು ದಡ್ಡಿ ನಾನಲ್ಲ, ಈಗಲೂ ದಿನವಿಡೀ ಅದರ ಮುಂದೆಯೇ ಇರುತ್ತೇನೆ. ಆದರೆ ಅದನ್ನು ತೆರೆಯುವ ಮೊದಲು ಮಂಚದ ಹತ್ತಿರ ಹೋಗಿ, ನೋವು ತಿನ್ನುತ್ತಿರುವವಳ ಬಾಯಿಂದಲೇ ಹೆಸರು ಹೇಳಿಸುತ್ತೇನೆ, ಕಾಯಿಲೆ ಕೇಳುತ್ತೇನೆ. ಅಂದು ಬಂದವಳ ಹೆಸರು ಚಂದ್ರಕಲಾ. ಅದನ್ನು ನಾನು ಕೇಳಿದ್ದು ರಕ್ತ ನಿಂತ ಮೇಲೆ.